ತರೀಕೆರೆ ಅಕ್ಕನ ಎರಡನೇ ನಿಂಬೆಹಣ್ಣು

ಮೊನ್ನೆ ಅಜ್ಜಂಪುರದಲ್ಲಿ ಹತ್ತು ರೂಪಾಯಿಗೆ ಎರಡು ನಿಂಬೆಹಣ್ಣು ತಗೊಂಡೆ. ಮೂರು ಕೊಡಮ್ಮ ಅಂತ ಚೌಕಾಸಿ ಮಾಡಿದೆ, ಜಗ್ಗಲಿಲ್ಲ. ಒಂದು ಪೂಜೆಗೆ, ಇನ್ನೊಂದು ಮಷೀನಿಗೆ ನಾನು ಮಾಡುವ ಪರೀಕ್ಷೆಗೆ. ಅಡಿಕೆ ಹಾಳೆಯ ತಟ್ಟೆ ಒತ್ತುವ ಹೊಸ ಪ್ರೆಸ್ಸಿಗೆ ಗಾಳಿ ಸಿಲಿಂಡರು, ವಾಲ್ವು ಕೂರಿಸಿ ಕೊಟ್ಟಿದ್ದೆ. ಪೂಜೆಯ ಹಣ್ಣು ಒಡೆದು, ಕಾದ ಅಚ್ಚಿನ ಮೇಲೆ ಸಿಪ್ಪೆ ಸುಟ್ಟ ವಾಸನೆ ಎದ್ದದ್ದೇ ತಡ, ತರೀಕೆರೆಯ ಅಕ್ಕ ನೆನಪಾದರು...

ಆಗ ನಾನು ಕಡೂರಿನಲ್ಲಿ ಗಾಳಿ ಮಷೀನಿನ ಅಂಗಡಿ ಇಟ್ಟ ಹೊಸತು. ಅಕ್ಕ ತಮ್ಮ ಶೆಡ್ಡಿನಲ್ಲಿ ಹೆಂಗಸರನ್ನು ಕೂರಿಸಿಕೊಂಡು ತಟ್ಟೆ ಮಾಡಿಸುತ್ತಿದ್ದರು. ನನ್ನ ಕೊಟೇಶನ್ ನೋಡಿ, "ಏನಪ್ಪಾ, ಗಾಳಿಗೂ ದುಡ್ಡಾ?" ಅಂದಿದ್ದರು.

"ಗಾಳಿ ಪುಕ್ಕಟೆ ಅಕ್ಕ. ಹಿಡಿದಿಡೋದಕ್ಕೆ ದುಡ್ಡು."

ಅವರದು ಒಂದೇ ಷರತ್ತು. ಕರೆಂಟ್ ಹೋದಾಗ ಪ್ರೆಸ್ಸು ಅರ್ಧಕ್ಕೆ ಮೇಲೆದ್ದರೆ ಹಾಳೆ ಸೊಟ್ಟಗಾಗುತ್ತದೆ. "ಹಿಡಿದ ಪಟ್ಟು ಬಿಡಬಾರದು ಕಣಪ್ಪ, ಅಂಥದ್ದು ಹಾಕು." ಅದಕ್ಕೆ ಗಾಳಿಯ ದಾರಿ ತಿರುಗಿಸಲು ಎರಡು ಕರೆಂಟ್ ಕಾಯಿಲ್ ಇರುವ ವಾಲ್ವು ಹಾಕಿದೆ. ಕರೆಂಟ್ ಹೋದರೂ ಅದು ಕೊನೆಗೆ ತಿರುಗಿದ ಕಡೆಗೇ ನಿಂತಿರುತ್ತದೆ. ಟ್ಯಾಂಕಿನಲ್ಲಿ ಉಳಿದ ಗಾಳಿ ಕೆಲಸ ಮುಗಿಸುತ್ತದೆ. ಕೇಳಿದ್ದನ್ನೇ ಕೊಟ್ಟಿದ್ದೆ.

ಪೂಜೆಯ ದಿನ ಹೊಸ ಗಾಡಿಯ ಚಕ್ರಕ್ಕೆ ಇಡುವ ಹಾಗೆ ಅಚ್ಚಿನ ನಡುವೆ ನಿಂಬೆಹಣ್ಣು ಇಟ್ಟು ಅಕ್ಕ ಗುಂಡಿ ಒತ್ತಿದರು. ಪ್ರೆಸ್ಸು ಅರ್ಧ ಇಳಿದಿತ್ತು, ಕರೆಂಟ್ ಹೋಯ್ತು. ಹಳೆಯದು ಮೋಟಾರಿನ ಪ್ರೆಸ್ಸು. ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತಿತ್ತು, ಹೆಂಗಸರು ತಕ್ಷಣ ಕೈ ಹಾಕಿ ಹಾಳೆ ಎಳೆದುಕೊಳ್ಳುತ್ತಿದ್ದರು. ವರ್ಷಗಟ್ಟಲೆಯ ರೂಢಿ. ಅಕ್ಕನ ಓರಗಿತ್ತಿ ಯೋಚನೆಯನ್ನೇ ಮಾಡದೆ ಹಣ್ಣು ತೆಗೆಯಲು ಕೈ ಚಾಚಿದರು. ಪ್ರೆಸ್ಸು ಸದ್ದಿಲ್ಲದೆ ಇಳಿಯುತ್ತಲೇ ಇತ್ತು.

ಅಕ್ಕ ಅವರ ಜಡೆ ಹಿಡಿದು ಹಿಂದಕ್ಕೆ ಎಳೆದರು. ಹಣ್ಣು ಪಚ್ಚನೆ ಒಡೆದು ರಸ ಚೊರ್ ಅಂತು.

"ಅಯ್ಯೋ, ಜಡೆ ಕಿತ್ತೇ ಹೋಯ್ತಲ್ಲಕ್ಕ!"

"ಜಡೆ ಬೆಳೀತದೆ ಕಣೇ. ಬೆರಳು ಬೆಳೀತದಾ?"

ಯಾರೂ ನಗಲಿಲ್ಲ. ಅಕ್ಕ ನನ್ನ ಕಡೆ ತಿರುಗಿ, "ಪಟ್ಟು ಬಿಡೋದನ್ನೇ ಹಾಕಪ್ಪ. ಹಾಳೆ ಸೊಟ್ಟಗಾದ್ರೆ ಒಲೆಗೆ ಹಾಕ್ತೀನಿ" ಅಂದರು.

ಒಂದೇ ಕಾಯಿಲ್ಲು, ಸ್ಪ್ರಿಂಗಿನ ವಾಲ್ವು ತಂದು ಹಾಕಿದೆ, ಇದರ ಬೆಲೆ ಕಡಿಮೆ ಅಂತಲೂ ಅಂದೆ. ಕರೆಂಟ್ ಹೋದರೆ ಸ್ಪ್ರಿಂಗು ವಾಲ್ವನ್ನು ಹಿಂದಕ್ಕೆ ತಳ್ಳುತ್ತದೆ, ಪ್ರೆಸ್ಸು ಮೇಲೇಳುತ್ತದೆ. ಎರಡು ಗುಂಡಿ ದೂರ ದೂರ ಇಟ್ಟೆ, ಎರಡೂ ಕೈ ಒತ್ತಿದರಷ್ಟೇ ಇಳಿಯುವ ಹಾಗೆ. ಅಕ್ಕ ಇನ್ನೊಂದು ನಿಂಬೆಹಣ್ಣು ಇಟ್ಟರು. ಪ್ರೆಸ್ಸು ಇಳಿಯುತ್ತಿದ್ದಾಗ ನನಗೆ ಮೇನ್ ಸ್ವಿಚ್ ಕೆಳಕ್ಕೆ ಎಳೆಯಲು ಹೇಳಿದರು. ಹಣ್ಣು ಇಡಿಯಾಗಿ ಉಳಿಯಿತು. ಅದನ್ನು ಓರಗಿತ್ತಿಯ ಕೈಗಿಟ್ಟು, "ವಾಲ್ವು ಕಡಿಮೆ ಬೆಲೇದು ಅಂದ್ಯಲ್ಲ, ಮಿಕ್ಕಿದ್ದು ತೆಗಿ" ಅಂತ ನನ್ನ ಮುಂದೆ ಕೈ ಚಾಚಿದರು. ಕೊಟ್ಟೆ.

ಅಕ್ಕ ಹೋಗಿ ಕೆಲವು ವರ್ಷವಾಯ್ತು. ಶೆಡ್ಡು ಈಗ ಯಾರದೋ ಸಿಮೆಂಟ್ ಗೋಡೌನು. ಓರಗಿತ್ತಿ ಸಂತೆಯಲ್ಲಿ ಸಿಕ್ಕರೆ ಬಿಳಿಯಾದ ಜಡೆ ಮುಟ್ಟಿಕೊಂಡು ನಗುತ್ತಾರೆ, ನಾನೂ ನಗುತ್ತೇನೆ.

ನೀವು ಗಾಳಿ ಮಷೀನು ಕೊಳ್ಳುವವರಾದರೆ ಒಂದು ಮಾತು. ಸಿಲಿಂಡರಿನ ಅಳತೆ, ಒತ್ತಡ ಎಲ್ಲ ಕೇಳಿ, ಬೆಲೆಯನ್ನೂ ಚೆನ್ನಾಗಿ ಎಳೆದಾಡಿ. ಆದರೆ ಕರೆಂಟ್ ಹೋದಾಗ ಇದು ಎತ್ತ ಹೋಗುತ್ತೆ, ಬಂದಾಗ ತಾನಾಗೇ ಇಳಿಯುತ್ತಾ ಅಂತ ಮೊದಲು ಕೇಳಿ. ಬಾಯಿಮಾತು ನಂಬಬೇಡಿ. ಎರಡು ನಿಂಬೆಹಣ್ಣು ತಗೊಂಡು ಹೋಗಿ. ಮೊದಲನೆಯದು ದೇವರಿಗೆ. ಎರಡನೆಯದನ್ನು ಇಟ್ಟು, ಪ್ರೆಸ್ಸು ಅರ್ಧ ಇಳಿದಾಗ ಮೇನ್ ಆಫ್ ಮಾಡಿಸಿ. ಅದು ಇಡಿಯಾಗಿ ಬಂದರೆ ದುಡ್ಡು ಕೊಡಿ, ಹಣ್ಣು ಮನೆಗೆ ತಂದು ಪಾನಕ ಮಾಡಿ. ಅಜ್ಜಂಪುರದ ಎರಡನೇ ಹಣ್ಣಿನಿಂದ ನಾನೂ ಪಾನಕ ಮಾಡಿದೆ.