ಲವೀನಾಳ ಕೃತಜ್ಞತಾ ಪೂಜೆ

ಯಾವ ಕೋಣೆಗೆ ಹೋದರೂ ಲವೀನಾ ಕೂರುವ ಮೊದಲು ಬಾಗಿಲಿನ ಚಿಲಕವನ್ನು ಒಳಗಿನಿಂದ ಒಮ್ಮೆ ತೆಗೆದು ನೋಡುತ್ತಿದ್ದಳು. ಇಲ್ಲಿ ಗಲ್ಫಿನಲ್ಲಿ, ಸೀಫ್ ಬಡಾವಣೆಯ ವಕೀಲರ ಕಚೇರಿಯಲ್ಲೂ ಹಾಗೆಯೇ ಮಾಡಿದಳು. ವಕೀಲರು ಹುಬ್ಬೇರಿಸಿದರು.

"ಹೆದರ್ಬೇಡಿ ಸರ್, ಓಡ್ಲಿಕ್ಕಲ್ಲ. ಓಡ್ಲಿಕ್ಕೆ ಆಗ್ತದಾ ಅಂತ ನೋಡಿದ್ದು."

ದುಭಾಷಿಯಾಗಿ ಜೊತೆಗೆ ಹೋಗಿದ್ದ ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ, ಅವಳೊಬ್ಬಳೇ ನಕ್ಕಳು.

ಈಗ ನೆನೆಯುವಾಗ ಅವಳಿಗೆ ಕಪ್ಪು ಚೂಡಿದಾರ ತೊಡಿಸುತ್ತೇನೆ. ದುಃಖಕ್ಕೆ ಕಪ್ಪು ಸುಲಭ. ನಿಜಕ್ಕೂ ಏನು ತೊಟ್ಟಿದ್ದಳೋ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಮಗು ನೋಡಿಕೊಳ್ಳುವ ಕೆಲಸವೆಂದು ಕರೆತಂದ ಏಜೆಂಟ್ ಪಾಸ್‌ಪೋರ್ಟ್ ಕಿತ್ತುಕೊಂಡು, ಬಾರು-ಹೋಟೆಲುಗಳಿಗೆ ಹೆಸರಾದ ಜುಫೈರಿನ ಫ್ಲ್ಯಾಟಿನಲ್ಲಿ ಕೂಡಿಹಾಕಿ, ಅವಳನ್ನು ಗಂಡಸರಿಗೆ ಮಾರಿದ. ಪೊಲೀಸರು ನುಗ್ಗಿದಾಗ ಅವನಿರಲಿಲ್ಲ, ಇವಳಿದ್ದಳು. ವೇಶ್ಯಾವೃತ್ತಿಯ ಅಪರಾಧಿಯೆಂದು ಶಿಕ್ಷೆಯಾಯಿತು. ಏಜೆಂಟ್ ಸಿಕ್ಕಿಬಿದ್ದ ಮೇಲೆ ಆ ಕಳಂಕವನ್ನು ದಾಖಲೆಯಿಂದ ಅಳಿಸುವ ದಾರಿ ತೆರೆಯಿತು. ಈಸಾ ಟೌನ್‌ನ ಶಾಲಾ ಬಸ್ಸೊಂದರಲ್ಲಿ ಆಯಾ ಕೆಲಸ ಅವಳಿಗಾಗಿ ಕಾದಿತ್ತು. ಪೊಲೀಸ್ ದಾಖಲೆ ಶುದ್ಧವಿರಬೇಕು, ಅಷ್ಟೆ.

ತಪ್ಪೊಪ್ಪಿಕೊಂಡು ಸರ್ಕಾರದ ಕ್ಷಮೆ ಕೋರಿದರೆ ಬೇಗ ಮುಗಿಯುತ್ತದೆ ಎಂದರು ವಕೀಲರು.

"ಮಾಫಿ ಎಂತಕ್ಕೆ ಅಣ್ಣಾ? ಪೆಟ್ಟು ತಿಂದವಳೇ ಹೊಡೆದವನ ಕೈಗೆ ಎಣ್ಣೆ ತಿಕ್ಕುದಾ?"

ಕೋರಲಿಲ್ಲ. ಬಹಳ ಕಾಯಬೇಕಾಯಿತು. ಕೊನೆಗೆ ನ್ಯಾಯಾಲಯ ಅವಳು ಅಪರಾಧಿಯಲ್ಲ, ಬಲಿಪಶು ಎಂದು ಒಪ್ಪಿ ಶಿಕ್ಷೆಯನ್ನು ರದ್ದುಮಾಡಿತು.

ವಕೀಲರನ್ನು ಗೊತ್ತುಮಾಡಿಕೊಟ್ಟವರು ಇಲ್ಲಿನ ಚರ್ಚಿನಲ್ಲಿ ಓಡಾಡಿಕೊಂಡಿದ್ದ ಮಂಗಳೂರಿನ ಗ್ರೇಸಿ ಬಾಯಿ. ಒಳ್ಳೆಯವರು, ಅದೇ ಕಷ್ಟ. "ದೇವರ ಉಪಕಾರವನ್ನು ನಾಲ್ಕು ಜನರ ಎದುರು ಹೇಳ್ಬೇಕು, ಅಡಗಿಸಿಡ್ಬಾರ್ದು" ಎಂದು ಚರ್ಚಿನ ಶುಕ್ರವಾರದ ಕೊಂಕಣಿ ಪೂಜೆಯಲ್ಲಿ ಓದುವ ಕೃತಜ್ಞತೆಗಳ ಪಟ್ಟಿಗೆ ಲವೀನಾಳ ಹೆಸರು ಕೊಟ್ಟರು. ಅವಳಿಗೆ ತಿಳಿಸಿರಲಿಲ್ಲ, ಸರ್‌ಪ್ರೈಸ್ ಅಂತೆ. ನನ್ನನ್ನೂ ಕರೆದಿದ್ದರು. ಹುಟ್ಟುಹಬ್ಬ, ಹೊಸ ಕಾರು, ವಾಸಿಯಾದ ಮಂಡಿನೋವು ಎಲ್ಲವನ್ನೂ ಓದಿದ ಮೇಲೆ ಮೈಕಿನಲ್ಲಿ ಬಂತು: ಜುಫೈರಿನ ಕೇಸಿನಿಂದ ಬಿಡುಗಡೆಯಾಗಿ ಹೊಸ ಬದುಕಿಗೆ ಮರಳಿದ ನಮ್ಮ ಲವೀನಾಳಿಗಾಗಿ.

ಜುಫೈರ್ ಎಂದರೆ ಸಾಕು, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ಬೆಂಚುಗಳಲ್ಲಿ, ಮಕ್ಕಳನ್ನು ಆ ಶಾಲಾ ಬಸ್ಸಿಗೆ ಹತ್ತಿಸುವ ತಾಯಂದಿರು ಒಬ್ಬೊಬ್ಬರಾಗಿ ತಿರುಗಿದರು. ಲವೀನಾ ಎದ್ದು ನಿಂತಳೆಂದು ನನ್ನ ನೆನಪು. ನಿಂತಿರಲಿಕ್ಕಿಲ್ಲ. ನಾನು ಅವಳ ಕಡೆ ನೋಡಿರಲೇ ಇಲ್ಲ.

ಬಸ್ಸಿನ ಕಂಟ್ರಾಕ್ಟರು ಫೋನಿನಲ್ಲಿ ಮೃದುವಾಗಿಯೇ ಹೇಳಿದರು: "ಪೇಪರ್ ಎಲ್ಲ ಕ್ಲೀನ್ ಉಂಟು ಮಾರಾಯ್ರೆ. ಆದ್ರೆ ಪೇರೆಂಟ್ಸ್ ಕೇಳ್ಬೇಕಲ್ಲ?"

ಕೆಲಸ ತಪ್ಪಿ ಊರಿಗೆ ಹೊರಟವಳನ್ನು ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಇಳಿಯುವಾಗ ಹೇಳಿದಳು: "ಊರಲ್ಲಿ ಎಂತದೂ ಗೊತ್ತಿಲ್ಲದ ಅಮ್ಮನಿಗೆ ಇಲ್ಲಿಂದ ಯಾರೋ ಫೋನ್ ಮಾಡಿದ್ದಾರಂತೆ ಅಣ್ಣಾ. ಕಂಗ್ರಾಟ್ಸ್ ಹೇಳ್ಲಿಕ್ಕೆ."

ಮುಂದಿನ ವಾರ ಗ್ರೇಸಿ ಬಾಯಿ ಸಿಕ್ಕಿದರು. ನಿಜವಾಗಿಯೂ ನೊಂದಿದ್ದರು.

"ಅಷ್ಟೆಲ್ಲ ಮಾಡಿದೆವು. ಹೋಗುವಾಗ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಅವಳಿಗೆ?"