ಹಣಮಮ್ಮ ಕೇಳಿದ ಜಾಗ

ಕೆಂಭಾವಿ ಸೀಮೆಯ ಹಳ್ಳವೊಂದರ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ಹಣಮಮ್ಮ ಹೊಸ ಸೊಸೆ. ಗಂಡ ಅಂಬ್ರಪ್ಪ ಗುದ್ದಲಿ ಹಿಡಿದರೆ ಈಕೆ ಮಣ್ಣಿನ ಬುಟ್ಟಿ ಹೊತ್ತಳು. ಒಡ್ಡು ಅರ್ಧಕ್ಕೆ ಏರುವಷ್ಟರಲ್ಲಿ ಗುತ್ತಿಗೆದಾರ ಗಂಟುಮೂಟೆ ಕಟ್ಟಿದ. ಆಮೇಲೆ ಬಂದ ಸರಕಾರಗಳೆಲ್ಲ ಬಾಯಿಮಾತಿನಲ್ಲೇ ನೀರು ಹರಿಸಿದವು. ಹಣಮಮ್ಮನಿಗೆ ಮೊಮ್ಮಕ್ಕಳಾದರೂ ಒಡ್ಡಿನ ನಡುವಿನ ಕಂಡಿ ಮುಚ್ಚಲಿಲ್ಲ.

ನೀರು ನಿಲ್ಲಬೇಕಾದ ತಗ್ಗಿನಲ್ಲೇ ಹಣಮಮ್ಮನವರ ದಲಿತ ಕೇರಿಯ ಸುಡುಗಾಡಿತ್ತು. ಹೆಸರಿಗೆ ಸುಡುಗಾಡು, ಇವರು ಸುಡುವವರಲ್ಲ, ಹೂಳುವವರು. ಬೇರೆ ಕಡೆ ಜಾಗ ಕೊಡುತ್ತೇವೆಂದು ಹೇಳಿ ಅದನ್ನೂ ಯೋಜನೆಗೆ ಸೇರಿಸಿಕೊಂಡಿದ್ದರು. ಕೊಟ್ಟರೇ? ಎಲ್ಲಿಯ ಕೊಡುವುದು! ನೀರೂ ಬರಲಿಲ್ಲ, ಜಾಗವೂ ಬರಲಿಲ್ಲ. ಕೇರಿಯವರು ಅಲ್ಲೇ ಹೂಳುತ್ತ ಬಂದರು. ಅಣೆಕಟ್ಟು ಮುಗಿಯುತ್ತದೆಂದು ಯಾರು ತಾನೇ ನಂಬಿದ್ದರು? ಅಂಬ್ರಪ್ಪ ಸತ್ತಾಗ ಹಣಮಮ್ಮನೂ ನಂಬಿರಲಿಲ್ಲ. ಇಬ್ಬರೂ ಕೂಡಿ ದುಡಿದ ಒಡ್ಡಿನ ಬುಡದಲ್ಲೇ ಅವನನ್ನು ಮಲಗಿಸಿದಳು.

ಈಗ ಒಮ್ಮೆಲೇ ಸರಕಾರಕ್ಕೆ ಎಚ್ಚರವಾಯಿತು. ಯಂತ್ರಗಳು ಬಂದವು, ಕಂಡಿ ಮುಚ್ಚಿತು, ಗೇಟುಗಳು ಕೂತವು. ಹಣಮಮ್ಮ ಯೋಜನೆಯ ಕಚೇರಿಗೆ ಚಪ್ಪಲಿ ಸವೆಯುವಂತೆ ಅಲೆದಳು. ನೀರು ಬೇಡವೆಂದಳೇ? ಇಲ್ಲ. ಅವಳ ಚೂರು ತೊಗರಿ ಹೊಲಕ್ಕೂ ನೀರು ಬೇಕಿತ್ತು.

"ಗೇಟ್ ಇಳಸೂಕಿಂತ ಮೊದ್ಲ ನಮಗೊಂದು ಜಾಗ ತೋರಸ್ರಿ ಸಾಹೇಬ್ರ. ಹೂಳಿದ ನಮ್ಮವರನ್ನ ಎಬ್ಬಿಸಿ ಅಲ್ಲಿಗಿ ಒಯ್ತೀವಿ."

ಭೂಸ್ವಾಧೀನದ ಸಾಹೇಬ ಮುಖ ಕೂಡ ಎತ್ತಲಿಲ್ಲ. "ಸರಕಾರಿ ಜಾಗದಾಗ ಹೂಳ್ರಿ ಅಂತ ನಿಮಗ ಯಾರು ಹೇಳ್ಯಾರ? ಉದ್ಘಾಟನಿ ಮುಗೀಲಿ, ನೋಡೋಣ."

ಈ 'ನೋಡೋಣ'ಕ್ಕೆ ಬೆಂಕಿ ಬೀಳಲಿ! ಅರ್ಧ ಆಯುಷ್ಯ ಅದನ್ನೇ ಕೇಳಿದವಳು ಹಣಮಮ್ಮ. ಮಳೆಗೆ ಹಳ್ಳ ತುಂಬಿ ಬಂತು, ಉದ್ಘಾಟನೆಯ ಹೊತ್ತಿಗೆ ನೀರು ನಿಂತಿರಲೆಂದು ಗೇಟು ಇಳಿಸಿದರು. ಗಂಡನ ಗೋರಿಯ ಕಲ್ಲು ಮುಳುಗುವುದನ್ನು ಅವಳು ಒಡ್ಡಿನ ಮೇಲೆ ನಿಂತು ನೋಡಿದಳು. ಆಗ ಅವಳು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ, ಆದರೆ ಅದರಲ್ಲಿ ಒಂದೂ ಹೆಚ್ಚಾಗಿರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಕೇರಿಯ ಭೀಮವ್ವ ತೀರಿಹೋದಳು. ಒಡ್ಡಿನ ಕೆಲಸದಲ್ಲಿ ಹಣಮಮ್ಮನ ಜೋಡಿ ಬುಟ್ಟಿ ಹೊತ್ತ ಗೆಳತಿ. ಎಲ್ಲಿ ಹೂಳುವುದು? ಗಂಡಸರು ಗುದ್ದಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಹಣಮಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು.

"ಎತ್ರಿ. ಪೆಂಡಾಲಿಗಿ ನಡೀರಿ."

ಭೀಮವ್ವನನ್ನು ಹೊತ್ತ ಸಿದಿಗೆ ಹೋಗಿ ವೇದಿಕೆಯ ಎದುರಿಗೇ ಇಳಿಯಿತು. ಮಂತ್ರಿಗಳ ಕಾರು ಆಗಲೇ ಶಹಾಪುರ ದಾಟಿತ್ತು. ಅದೇ ಸಾಹೇಬ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ.

"ಏನವ್ವಾ ಇದು? ಇವತ್ತ ತರಬೇಕಿತ್ತೇನು? ಮೊದ್ಲ ಇಲ್ಲಿಂದ ಒಯ್ರಿ!"

"ಎಲ್ಲಿಗಿ ಒಯ್ಯೂಣ್ರಿ? ನೀವ ಹೇಳ್ರಿ."

ಫೋನಿನ ಮೇಲೆ ಫೋನು ಹೋಯಿತು. ಇಷ್ಟು ವರ್ಷ ಎಲ್ಲೂ ಇಲ್ಲದ ಜಾಗ, ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ, ಒಡ್ಡಿನ ಆಚೆಯ ಸರಕಾರಿ ದಿಬ್ಬದ ಮೇಲೆ ಹುಟ್ಟಿಕೊಂಡಿತು! ಸರ್ವೆಯವನು ಸುಣ್ಣದ ಗೆರೆಯನ್ನೂ ಎಳೆದ. ಇಷ್ಟು ಹಗುರದ ಕೆಲಸವಾಗಿತ್ತೆಂದು ಕಂಡಾಗ ಹಣಮಮ್ಮನ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು. ಇದನ್ನೇ ಹೋದ ತಿಂಗಳು ಮಾಡಿದ್ದರೆ ಅಂಬ್ರಪ್ಪನೂ ಈ ದಿಬ್ಬದ ಮೇಲೆ ಇರುತ್ತಿದ್ದ.

ಭೀಮವ್ವನನ್ನು ಕುಣಿಗೆ ಇಳಿಸಿದರು. ಹೂಳುವಲ್ಲಿಗೆ ಬಂದವರು ಯಾರೇ ಆಗಲಿ, ಒಂದು ಹಿಡಿ ಮಣ್ಣು ಹಾಕದೆ ತಿರುಗಬಾರದು. ಅದು ಕೇರಿಯ ರೂಢಿ. ಜಾಗ ತೋರಿಸಲು ಬಂದ ಸಾಹೇಬ ಮೆಲ್ಲಗೆ ಜೀಪಿನ ಕಡೆ ಜಾರುತ್ತಿದ್ದ. ಹಣಮಮ್ಮ ಬೊಗಸೆಯಲ್ಲಿ ಮಣ್ಣು ಹಿಡಿದು ಅಡ್ಡ ನಿಂತಳು.

"ನನ್ನ ಗಂಡನ ಮ್ಯಾಲ ನೀರು ಬಿಟ್ರಿ. ಈಕಿ ಮ್ಯಾಲರ ಮಣ್ಣು ಹಾಕಿ ಹೋಗ್ರಿ."

ಸಾಹೇಬ ಸುತ್ತ ನೋಡಿದ. ಯಾರೂ ದಾರಿ ಬಿಡಲಿಲ್ಲ. ಅವನು ಮಣ್ಣಿಗೆ ಕೈ ಚಾಚಿದ.