ಹೆಲ್ಮೆಟ್ಟಿನೊಳಗೆ ಹೇಳಿಕೊಂಡ ಮಾತು

ತುಳು ಮಾತಾಡುವ ನಾವು ಮನೆಯಿಂದ ಹೊರಡುವಾಗ ‘ಪೋಪೆ’, ಅಂದರೆ ಹೋಗುತ್ತೇನೆ, ಎನ್ನುವುದಿಲ್ಲ. ಹೋಗುವುದೇ ಆದರೂ ‘ಬರ್ಪೆ’, ಬರುತ್ತೇನೆ, ಎನ್ನಬೇಕು. ಮೂರು ವರ್ಷದ ಹಿಂದೆ ಹೊಸ ಬೈಕು ತೋರಿಸಲು ಅಣ್ಣನ ಮನೆಗೆ ಹೋಗಿದ್ದೆ. “ನಲವತ್ತೈದರಲ್ಲಿ ನಿನಗೆ ಎಂತ ಮರ್ಲು ಮಾರಾಯ್ತಿ?” ಎಂದು, ನನಗೆ ಹುಚ್ಚು ಹಿಡಿದಿದೆ ಎಂಬಂತೆ, ಅವನು ನೆಂಟರೆದುರು ನಕ್ಕ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅರ್ಧ ಊಟದಲ್ಲಿ ಎದ್ದು, ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ‘ಪೋಪೆ’ ಎಂದು ಬಂದುಬಿಟ್ಟೆ. ಆಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲ.

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. “ರಸ್ತೆಯಲ್ಲಿ ಬೈಕಿನ ಶಬ್ದ ಕೇಳಿದರೆ ಇವರು ಈಗಲೂ ಹೊರಗೆ ಬಂದು ನೋಡ್ತಾರೆ” ಎಂದರು. ಆ ಮಾತು ನನ್ನನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಮಣಿಪಾಲದಿಂದ ಹೊರಟೆ. ಅಣ್ಣನ ಮನೆ ನಿಟ್ಟೆ ದಾಟಿ ಕಾರ್ಕಳದ ದಾರಿಯಲ್ಲಿ. ನಾನು ಹೋದದ್ದು ತದ್ವಿರುದ್ಧ, ಮಲ್ಪೆಗೆ. ಮೀನು ಬೇಕಿರಲಿಲ್ಲ. ಬಂದರಿನಲ್ಲಿ ಐಸ್ ಲಾರಿಗಳ ನಡುವೆ ಐದು ನಿಮಿಷ ನಿಂತು, ಕಾಪುವಿಗೆ ತಿರುಗಿಸಿದೆ. ಅಲ್ಲಿಯೂ ಕಡಲನ್ನು ನೋಡಿದ ಶಾಸ್ತ್ರ ಮಾಡಿದೆ, ಅಷ್ಟೆ.

ಕಾಪುವಿನಿಂದ ಶಿರ್ವದ ಕಡೆಗೆ ಒಳದಾರಿ ಹಿಡಿದೆ. ಕೊಯ್ಲು ಮುಗಿದ ಗದ್ದೆಗಳು, ಕೆಂಪು ಕಲ್ಲಿನ ಗೋಡೆಗಳು, ಅಂಗಳದ ತುಂಬ ಮಲ್ಲಿಗೆ ಗಿಡ. ಬೇರೆ ದಿನವಾಗಿದ್ದರೆ ಹತ್ತು ಕಡೆ ನಿಲ್ಲಿಸುತ್ತಿದ್ದೆ. ಅತ್ತಿಗೆಗೆಂದು ಕಟ್ಟಿದ ಮಲ್ಲಿಗೆಯ ಒಂದು ಚೆಂಡು ಕೊಂಡು ಬ್ಯಾಗಿನಲ್ಲಿಟ್ಟೆ. ಹೆಲ್ಮೆಟ್ಟಿನೊಳಗೆ ಒಬ್ಬಳೇ ‘ಬರ್ಪೆ ಅಣ್ಣ, ಬರ್ಪೆ’ ಎಂದು ಹೇಳಿಕೊಳ್ಳುತ್ತಿದ್ದೆ. ಒಳಗೆ ಕಾಲಿಡುವ ಮೊದಲೇ ಹೊರಡುವ ಮಾತಿನ ಅಭ್ಯಾಸ! ಶಾಲೆಯಲ್ಲಿ ನಾನು ಪಾಠ ಹೇಳುವ ಮಕ್ಕಳು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಬೆಳ್ಮಣ್, ನಿಟ್ಟೆ ದಾಟಿ ಅಣ್ಣನ ಮನೆಯ ತಿರುವು ಬಂತು. ಬ್ರೇಕ್ ಹಿಡಿಯಲು ಕೈ ಬರಲಿಲ್ಲ. ಕಾರ್ಕಳಕ್ಕೆ ಹೋಗಿ ಚಹಾ ಕುಡಿದು ಹಿಂದೆ ಬಂದೆ. ಮತ್ತೆ ತಿರುವು ದಾಟಿ ನಿಟ್ಟೆಗೇ ಮುಟ್ಟಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬ್ಯಾಗು ತೆರೆದರೆ ಮಲ್ಲಿಗೆಯ ಅಂಚು ಕಂದತೊಡಗಿತ್ತು. ಇನ್ನೂ ತಡ ಮಾಡಿದರೆ ಬಾಡಿದ ಹೂವನ್ನೇ ಕೊಡಬೇಕು. ವಾಪಸು ಹೋಗಿ ಈ ಸಲ ಅಣ್ಣನ ಮನೆಯ ತಿರುವಿನಲ್ಲಿ ತಿರುಗಿಸಿದೆ.

ಅಣ್ಣ ಜಗಲಿಯಲ್ಲೇ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಬೆಳಗ್ಗಿನಿಂದ ಎರಡು ಸಲ ಆಚೀಚೆ ಹೋದದ್ದು ನೀನೇ ಅಲ್ವಾ?” ಎಂದ. “ಚೈನ್ ಸಡಿಲ ಉಂಟು. ಶಬ್ದದಲ್ಲೇ ಗೊತ್ತಾಗ್ತದೆ.”

ನಾನು ಹೆಲ್ಮೆಟ್ ತೆಗೆದು ಜಗಲಿಯಲ್ಲಿ ಕುಳಿತೆ. ಅವನೇ ಒಳಗಿನಿಂದ ಬೆಲ್ಲ, ನೀರು ತಂದಿಟ್ಟ. ಹಳೆಯದನ್ನು ಇಬ್ಬರೂ ಎತ್ತಲಿಲ್ಲ. ಅತ್ತಿಗೆ ಹೂ ಮುಡಿದು ಬಡಿಸಿದರು. ಈ ಸಲ ತಟ್ಟೆಯಲ್ಲಿ ಒಂದಗುಳು ಬಿಡದೆ ಉಂಡೆ. ಊಟವಾದ ಮೇಲೆ ಅಣ್ಣ ಸ್ಪ್ಯಾನರ್ ಹುಡುಕಿ ತಂದು, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಚೈನ್ ಬಿಗಿದ. ಆ ಬಗ್ಗಿದ ಬೆನ್ನು ನೋಡಿ ನನಗೆ ಅಳು ಬಂತು.

ಸಂಜೆ ಹೆಲ್ಮೆಟ್ ಹಾಕಿ ಬೈಕ್ ಸ್ಟಾರ್ಟ್ ಮಾಡಿದೆ. ದಿನವಿಡೀ ಕಲಿತ ಮಾತನ್ನು ಹೆಲ್ಮೆಟ್ಟಿನೊಳಗಿನಿಂದಲೇ ಹೇಳಿದೆ.

“ಎಂತ ಹೇಳಿದ್ದು? ಕೇಳಲಿಲ್ಲ” ಎಂದ ಅಣ್ಣ.

ಎಂಜಿನ್ ನಿಲ್ಲಿಸಿದೆ. ಹೆಲ್ಮೆಟ್ ತೆಗೆದೆ.

“ಬರ್ಪೆ ಅಣ್ಣ.”

“ಹಾಂ” ಎಂದ, ಕೈಯ ಗ್ರೀಸನ್ನು ಲುಂಗಿಗೆ ಒರೆಸುತ್ತಾ. “ಮುಂದಿನ ಸಲ ಸೀದಾ ಬಾ.”